ಹಾರಿಸಬೇಡಿ ಎಂದು ಬರೆದಿಟ್ಟ ಕಳ್ಳ

ಮೇ ತಿಂಗಳ ಕೊನೆಯ ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಒಲ್ಶೊವಾ ಪೊಲೀಸ್ ಠಾಣೆಯ ಬಾಗಿಲು ದಡಾರನೆ ತೆರೆದುಕೊಂಡಿತು. ಒಳಗೆ ಬಂದವರು ಒತಕರ್ ಮಲಿನಾ. ಊರಾಚೆಯ ವಿಮಾನ ಕ್ಲಬ್ಬಿನ ಅಧ್ಯಕ್ಷರು, ವಯಸ್ಸು ಅರವತ್ತೆಂಟು, ಇನ್ನೂ ಹಾರುತ್ತಿದ್ದ ಪೈಲಟ್. ಅವರ ಹತ್ತಿರ ಕಲಿಯಲು ಹೋದವರಲ್ಲಿ ಅರ್ಧ ಜನ ಪೈಲಟ್ ಆಗಿದ್ದರು, ಉಳಿದರ್ಧ ಅವರ ಬೈಗುಳಕ್ಕೆ ಹೆದರಿ ಓಡಿಹೋಗಿದ್ದರು. ಇನ್ಸ್‌ಪೆಕ್ಟರ್ ರಾದಿಮ್ ಶೆಬೆಲಾ ಓಡಿಹೋದವರ ಪೈಕಿ.

"ಕೂತ್ಕೊಳ್ಳಿ ಮಲಿನಾ ಅವರೇ. ಏನಾಯ್ತು?"

"ಕಳ್ಳತನ! ನನ್ನ ವಿಮಾನದಿಂದ ತಿರುವು ಸೂಚಕ ಕಿತ್ಕೊಂಡು ಹೋಗಿದಾರೆ."

"ಅದೇನದು?"

"ಕಲಿಯೋಕೆ ಬಂದಿದ್ದೆಯಲ್ಲ, ಮರೆತುಬಿಟ್ಯಾ? ವಿಮಾನ ಎಡಕ್ಕೆ ತಿರುಗ್ತಿದೆಯೋ ಬಲಕ್ಕೋ, ಎಷ್ಟು ಜೋರಾಗಿ ಅಂತ ಹೇಳೋ ಗಡಿಯಾರ."

"ಕಿಟಕಿಯಿಂದ ನೋಡಿದ್ರೆ ಗೊತ್ತಾಗಲ್ವಾ?" ಎಂದ ಕಾನ್‌ಸ್ಟೆಬಲ್ ಬೋಹುಶ್, ಕಾಫಿ ಲೋಟ ಮುಂದಿಡುತ್ತಾ.

"ಮೋಡದೊಳಗೆ ಕಿಟಕಿಯಿಂದ ಏನಪ್ಪಾ ಕಾಣುತ್ತೆ? ನಿಮ್ಮತ್ತೆ ಮುಖಾನಾ?" ಮಲಿನಾ ಲೋಟವನ್ನು ಪಕ್ಕಕ್ಕೆ ಸರಿಸಿದರು. ಕುರ್ಚಿಯ ಅಂಚಿನಲ್ಲಿ, ಒಂದು ಕಾಲು ಚಾಚಿಕೊಂಡು ಕುಳಿತಿದ್ದರು. "ಬಿಸಿದು ಬೇಡ. ಹೋದ ವಾರ ಚಹಾ ಬಿದ್ದು ತೊಡೆ ಬೆಂದಿದೆ. ಯಾವಾಗ ಬಿತ್ತೋ ದೇವರೇ ಬಲ್ಲ. ಮನೆಗೆ ಹೋಗಿ ಪ್ಯಾಂಟ್ ಬಿಚ್ಚಿದಾಗಲೇ ಬೊಬ್ಬೆ ಕಂಡಿದ್ದು."

"ತೊಡೆ ಬೆಂದದ್ದೂ ಗೊತ್ತಾಗ್ಲಿಲ್ವಾ?" ಎಂದ ಬೋಹುಶ್.

"ವಯಸ್ಸಾದಂಗೆ ಚರ್ಮ ದಪ್ಪ ಆಗುತ್ತೆ. ನಿನಗೂ ಬರುತ್ತೆ, ಅವಸರ ಯಾಕೆ?"

ಬೋಹುಶ್ ನಕ್ಕ. ಶೆಬೆಲಾ ಎಫ್‌ಐಆರ್ ದಾಖಲಿಸಿಕೊಂಡರು. ಮಲಿನಾ ಅವರ ಆತುರಕ್ಕೆ ಕಾರಣವಿತ್ತು. ಭಾನುವಾರ ಜೂನ್ ಒಂದು, ಅಲ್ಲಿನ ಮಕ್ಕಳ ದಿನ. ಪ್ರತಿ ವರ್ಷ ಆ ದಿನ ಊರಿನ ಅನಾಥಾಲಯದ ಮಕ್ಕಳನ್ನು ಮೂವರು ಮೂವರಂತೆ ಹತ್ತಿಸಿಕೊಂಡು ಅವರು ಮೊರಾವಾ ನದಿಯ ಮೇಲೆ ಒಂದು ಸುತ್ತು ಹಾರಿಸುತ್ತಿದ್ದರು. ಆದರೆ ಕ್ಲಬ್ಬಿನಲ್ಲಿ ಅವರೇ ಮಾಡಿದ ಒಂದು ಕಟ್ಟಳೆಯೂ ಇತ್ತು. ವಿಮಾನದಲ್ಲಿ ಒಂದೇ ಒಂದು ಮುಳ್ಳು ಸತ್ತಿದ್ದರೂ ಅದಕ್ಕೆ ಮಕ್ಕಳನ್ನು ಹತ್ತಿಸುವಂತಿಲ್ಲ.

"ಭಾನುವಾರದೊಳಗೆ ಹುಡುಕಿಕೊಡು" ಎಂದು ಎದ್ದರು. "ಮಕ್ಕಳ ಶಾಪ ತಟ್ಟಿದ್ರೆ ನಾನು ಹೊಣೆ ಅಲ್ಲ."

ಹನ್ನೊಂದು ಗಂಟೆಗೆ ಕ್ಲಬ್ಬಿನ ವಿಮಾನ ನಿಲ್ಲಿಸುವ ಕೊಟ್ಟಿಗೆಯಲ್ಲಿ ಪಂಚನಾಮೆ ನಡೆಯಿತು. ಕ್ಲಬ್ಬಿನ ಕ್ಯಾಂಟೀನ್ ಹೆಂಗಸು ಮತ್ತು ಹುಲ್ಲು ಕತ್ತರಿಸುವವನು ಪಂಚರಾದರು. ಬೀಗ ಒಡೆದಿರಲಿಲ್ಲ. ನಾಲ್ಕು ಆಸನದ ಬಿಳಿ ವಿಮಾನ. ಪೈಲಟ್ ಎದುರಿನ ಫಲಕದಲ್ಲಿ ಆರು ಗಡಿಯಾರಗಳ ಜಾಗದಲ್ಲಿ ಐದು ಇದ್ದವು. ಆರನೆಯದರ ಜಾಗದ ತೂತಿಗೆ ಯಾರೋ ದುಂಡಗೆ ಕತ್ತರಿಸಿದ ತಗಡನ್ನು ತಿರುಪು ಹಾಕಿ ಮುಚ್ಚಿದ್ದರು.

"ಕಳ್ಳ ತೂತು ಮುಚ್ಚಿ ಹೋಗಿದಾನೆ ಸಾರ್" ಎಂದ ಬೋಹುಶ್. "ಭಲೇ ಮರ್ಯಾದಸ್ಥ."

ಮರ್ಯಾದೆ ಅಷ್ಟಕ್ಕೇ ಮುಗಿದಿರಲಿಲ್ಲ. ಇದಕ್ಕಿಂತ ಎಷ್ಟೋ ಪಾಲು ಬೆಲೆಬಾಳುವ ರೇಡಿಯೋ, ದಾರಿ ತೋರುವ ಪರದೆ ಎರಡೂ ಇದ್ದಲ್ಲೇ ಇದ್ದವು. ಆ ಗಡಿಯಾರಕ್ಕೆ ವಿದ್ಯುತ್ ಕೊಡುವ ಗುಂಡಿಯನ್ನು ಎಳೆದು, ಯಾರೂ ಮತ್ತೆ ಒತ್ತದಂತೆ ಕ್ಲಿಪ್ ಹಾಕಲಾಗಿತ್ತು. ಚಾಲನೆಯ ಹಿಡಿಕೆಗೆ ಒಂದು ಕೆಂಪು ಚೀಟಿ ಕಟ್ಟಿತ್ತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಹಾರಿಸಬೇಡಿ. ತಿರುವು ಸೂಚಕ ಇಲ್ಲ.

ಕದ್ದು ಓಡುವವನಿಗೆ ಹಿಂದೆ ಉಳಿದವರ ಜೀವದ ಚಿಂತೆ ಯಾಕೆ? ಇಪ್ಪತ್ತು ವರ್ಷದ ನೌಕರಿಯಲ್ಲಿ ಶೆಬೆಲಾ ಇಂಥ ಕಳ್ಳನನ್ನು ಕಂಡಿರಲಿಲ್ಲ.

"ಇದೊಂದನ್ನೇ ಯಾಕೆ ಒಯ್ದ ಮಲಿನಾ ಅವರೇ? ಏನಿದೆ ಇದರಲ್ಲಿ?"

"ಒಂದು ಬುಗುರಿ ಇದೆ. ಗಿರಗಿರ ತಿರುಗ್ತಾ ಇರುತ್ತೆ. ತಿರುಗೋ ಬುಗುರೀನ ವಾಲಿಸೋಕೆ ಹೋಗು, ಒಪ್ಪಲ್ಲ, ಮೊಂಡಾಟ ಮಾಡುತ್ತೆ. ಆ ಮೊಂಡಾಟಾನೇ ಮುಳ್ಳಿನಲ್ಲಿ ಕಾಣೋದು. ನನ್ನ ವಿಮಾನದ್ದರಲ್ಲಿ ಅದೇ ಸುದ್ದಿ ಒಂದು ತಂತಿಯಲ್ಲಿ ಆಟೋಪೈಲಟ್‌ಗೂ ಹೋಗುತ್ತೆ. ವಿಮಾನ ಎಡಕ್ಕೆ ಹೊರಳಿತು ಅಂದ್ಕೋ, ಅದು ತನ್ನ ಮೋಟಾರಿನಿಂದ ರೆಕ್ಕೆಯ ಹಲಗೆ ಎಳೆದು ನೆಟ್ಟಗೆ ಮಾಡುತ್ತೆ. ಎತ್ತರದ ಲೆಕ್ಕ ಬೇರೆ. ವಿಮಾನದ ಮೈಯಲ್ಲಿ ಸಣ್ಣ ತೂತಿದೆ ನೋಡು, ಅಲ್ಲಿಂದ ಗಾಳಿಯ ಒತ್ತಡ ತಿಳ್ಕೊಂಡು ಮೇಲೆ ಕೆಳಗೆ ಸರಿಮಾಡಿಕೊಳ್ಳುತ್ತೆ."

"ಹಂಗಾದ್ರೆ ಪೈಲಟ್ ನಿದ್ದೆ ಹೊಡೀಬಹುದು" ಎಂದ ಬೋಹುಶ್.

"ಹೊಡಿ. ಕೊನೇಲಿ ಯಾವ ಕಡೆಗೆ ಹೋಗು ಅಂದಿದ್ಯೋ ಆ ಕಡೆಗೇ ಹೋಗ್ತಿರುತ್ತೆ, ಪೆಟ್ರೋಲ್ ಮುಗಿಯೋವರೆಗೆ. ನೀನು ಎದ್ದಿದೀಯೋ ಬಿದ್ದಿದೀಯೋ ಅದಕ್ಕೇನು ಗೊತ್ತು?"

ಶೆಬೆಲಾ ತಗಡು ಬಿಚ್ಚಿಸಿ ಟಾರ್ಚ್ ಹಾಕಿದರು. ಒಳಗೆ ತಂತಿಯ ತುದಿಗೆ ಶುಭ್ರವಾದ ಬಟ್ಟೆ ಸುತ್ತಿ, ಮೇಣ ಹಚ್ಚಿದ ದಾರದಿಂದ ಸಾಲಾಗಿ ಗಂಟು ಹಾಕಿತ್ತು. ಪ್ರತಿ ಗಂಟಿನ ಪಕ್ಕ ದಾರದ ಒಂದು ಸುತ್ತು ಹೆಚ್ಚಾಗಿತ್ತು. ಮಲಿನಾ ಕೂಡ ಬಗ್ಗಿ ನೋಡಿದರು. ಅಷ್ಟು ಹೊತ್ತು ಬಡಬಡಿಸುತ್ತಿದ್ದವರು ಆಮೇಲೆ ಬಾಯಿ ಬಿಡಲಿಲ್ಲ. ಪಂಚನಾಮೆಗೆ ಸಹಿ ಹಾಕಿ ಸುಮ್ಮನೆ ಹೊರಟುಬಿಟ್ಟರು.

ಶುಕ್ರವಾರ ಬೆಳಗ್ಗೆ ಅದೇ ಬಾಗಿಲು ಮೆಲ್ಲಗೆ ತೆರೆಯಿತು.

"ದೂರು ವಾಪಸ್ ತಗೋತೀನಿ."

"ಸಿಕ್ತಾ?"

"ಇಲ್ಲ. ಹೋದ್ರೆ ಹೋಯ್ತು ಬಿಡು, ಹಳೇದು."

"ಯಾರು ಅಂತ ಗೊತ್ತಾಯ್ತು ನಿಮಗೆ."

"ನಾನು ಹಾಗಂದ್ನಾ?"

"ಎಫ್‌ಐಆರ್ ಆದ ಕಳ್ಳತನ ನೀವು ಬೇಡ ಅಂದ್ರೆ ಮುಚ್ಚಿಹೋಗಲ್ಲ ಮಲಿನಾ ಅವರೇ."

"ನಿನ್ನಿಷ್ಟ" ಎಂದು ಮುದುಕ ಟೋಪಿ ಹಾಕಿಕೊಂಡರು. "ಭಾನುವಾರದ ಚಿಂತೆ ಇಲ್ಲ. ಪಕ್ಕದ ಊರಿನ ಕ್ಲಬ್ಬಿನವರು ಅವರದ್ದೊಂದು ಸೂಚಕ ಕೊಡ್ತೀವಿ ಅಂದಿದಾರೆ. ನಾಳೆ ಕೂರಿಸ್ತೀನಿ."

ಅವರು ಹೋದ ಮೇಲೆ ಶೆಬೆಲಾ ಬೋಹುಶನನ್ನು ಕರೆದುಕೊಂಡು ಮತ್ತೆ ಕೊಟ್ಟಿಗೆಗೆ ಹೋದರು. ಅಲ್ಲಿದ್ದ ಬೇರೆ ಎರಡು ವಿಮಾನಗಳ ಫಲಕದ ಹಿಂದೆ ಟಾರ್ಚ್ ಹಾಕಿದರು. ಹಳೆಯದೊಂದರಲ್ಲಿ ತಂತಿಗಳಿಗೆ ಪ್ಲಾಸ್ಟಿಕ್ ಪಟ್ಟಿ ಹಾಕಿತ್ತು. ಇನ್ನೊಂದರಲ್ಲಿ ಅದೇ ಮೇಣದ ದಾರ, ಅದೇ ಗಂಟು, ಒಂದು ಸುತ್ತು ಹೆಚ್ಚು.

"ಈ ವಿಮಾನದ ಕೆಲಸ ಮಾಡಿದ್ದು ಯಾರು?"

"ನಮ್ಮ ಯಾರ್ಮಿಲಾ" ಎಂದಳು ಕ್ಯಾಂಟೀನ್ ಹೆಂಗಸು. "ಈ ಕಾಲದಲ್ಲಿ ಅಂಥ ಗಂಟು ಇನ್ನಾರು ಹಾಕ್ತಾರೆ? ಮಲಿನಾ ಮೇಷ್ಟ್ರು ಕಲಿಸಿದ್ದು, ಇವಳು ಕಲಿತದ್ದು. ಯಾಕೆ ಸಾರ್, ಏನಾಗಿದೆ ಅವಳಿಗೆ? ನಾಲ್ಕು ದಿನದಿಂದ ಊಟಕ್ಕೇ ಬಂದಿಲ್ಲ."

ಯಾರ್ಮಿಲಾ ಕ್ಲಬ್ಬಿನ ಉಪಕರಣಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್, ಮೂವತ್ತನಾಲ್ಕರ ಹೆಂಗಸು. ಪೈಲಟ್ ಕೂಡ ಹೌದು. ನ್ಯಾಯಾಲಯದಿಂದ ಶೋಧನಾ ಆದೇಶ ಬರಲು ಶನಿವಾರ ಮಧ್ಯಾಹ್ನವಾಯಿತು. ಇನ್ಸ್‌ಪೆಕ್ಟರ್ ಬಾಗಿಲು ಬಡಿದಾಗ ಆಕೆ ಬೇಯಿಸಿದ ಆಲೂಗಡ್ಡೆಯ ತಟ್ಟೆ ಮುಂದಿಟ್ಟುಕೊಂಡು ತಿನ್ನದೇ ಕುಳಿತಿದ್ದಳು. ಹುಡುಕಲು ಕಷ್ಟವೇ ಆಗಲಿಲ್ಲ. ಮಲಗುವ ಕೋಣೆಯಲ್ಲಿ ಗರಿಯ ರಜಾಯಿಯೊಳಗೆ ಆ ಗಡಿಯಾರ ಬೆಚ್ಚಗೆ, ನೆಟ್ಟಗೆ ಕೂತಿತ್ತು.

"ಜೋಪಾನ!" ಎಂದಳು, ಬೋಹುಶ್ ಕೈ ಹಾಕುತ್ತಿದ್ದಂತೆ. "ಬುಗುರಿಗೆ ಪೆಟ್ಟಾಗುತ್ತೆ. ಎರಡೂ ಕೈಯಲ್ಲಿ ಹಿಡೀರಿ."

ವಸ್ತು ಜಪ್ತಿಯಾಯಿತು. ಶೆಬೆಲಾ ಎದುರು ಕುಳಿತರು.

"ತೆಗೆದದ್ದು ನೀವೇನಾ?"

"ಹೌದು."

"ಮಾರೋಕೆ?"

"ಅಲ್ಲ."

"ಮಲಿನಾ ಅವರ ಮೇಲೆ ಕೋಪ?"

"ಮೇಷ್ಟ್ರ ಮೇಲೆ ನನಗ್ಯಾಕೆ ಕೋಪ?"

"ಮತ್ತೆ ಯಾಕೆ?"

ಅವಳು ತಟ್ಟೆಯನ್ನು ಕೈಗೆತ್ತಿಕೊಂಡಳು. ಇನ್ನೆರಡು ಸಲ ಕೇಳಿದರು. ಗೋಡೆಗೆ ಹೇಳಿದ ಹಾಗಾಯಿತು. ಎದ್ದು ನಿಂತು ಬೆಲ್ಟ್ ಸರಿಮಾಡಿಕೊಳ್ಳುತ್ತಾ ಶೆಬೆಲಾ ಹೇಳಿದರು:

"ಹೋಗಲಿ, ಮಕ್ಕಳ ಕಾರ್ಯಕ್ರಮ ನಿಲ್ಲಲಿಲ್ಲ, ಅದೇ ಸಮಾಧಾನ. ಪಕ್ಕದ ಊರಿಂದ ಇನ್ನೊಂದು ಸೂಚಕ ಬಂದಿದೆಯಂತೆ. ಅದಕ್ಕೆ ಆಟೋಪೈಲಟ್ ತಂತಿ ಕೂರಲ್ವಂತೆ, ಮುಳ್ಳು ಮಾತ್ರ ನಡೆಯುತ್ತಂತೆ. ಬೆಳಗ್ಗೆ ಮಲಿನಾ ಅವರಿಗೆ ಫೋನ್ ಮಾಡಿದ್ದೆ. ನಲವತ್ತು ವರ್ಷ ಕೈಯಲ್ಲೇ ಹಾರಿಸಿದೀನಿ, ಅದೆಲ್ಲ ಯಾರಿಗೆ ಬೇಕು ಅಂದ್ರು."

ಯಾರ್ಮಿಲಾಳ ಮುಖ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡಿತು.

"ಕೈಯಲ್ಲೇ? ಆಟೋಪೈಲಟ್ ಇಲ್ಲದೇನಾ?"

"ಹೌದು."

"ಅಯ್ಯೋ, ನಿಲ್ಲಿಸಿ ಸಾರ್! ಅವರನ್ನ ನಿಲ್ಲಿಸಿ! ಮೂರು ಮಕ್ಕಳನ್ನ ಕೂರಿಸ್ಕೋತಾರೆ!" ತಟ್ಟೆ ಕೆಳಗೆ ಬಿತ್ತು. "ಆಟೋಪೈಲಟ್ ಇದ್ದಿದ್ರೆ ಸ್ವಲ್ಪ ಹೊತ್ತಾದ್ರೂ ವಿಮಾನ ನೆಟ್ಟಗೆ ಹೋಗ್ತಿತ್ತು. ನಾನು ಅದನ್ನೂ ಕಿತ್ತುಹಾಕಿಬಿಟ್ಟೆ!"

ಜೀಪಿನಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಮಾತು ಮುಗಿಯುವ ಹೊತ್ತಿಗೆ ಶೆಬೆಲಾಗೆ ಗುರುವಾರ ಮಲಿನಾ ಪಕ್ಕಕ್ಕೆ ಸರಿಸಿದ ಆ ಕಾಫಿ ಲೋಟ ನೆನಪಾಯಿತು.

ಕೊಟ್ಟಿಗೆಯಲ್ಲಿ ಮಲಿನಾ ಎರವಲು ತಂದ ಗಡಿಯಾರವನ್ನು ಕೂರಿಸಿ ಕೊನೆಯ ತಿರುಪು ಬಿಗಿಯುತ್ತಿದ್ದರು. ಯಾರ್ಮಿಲಾಳನ್ನು ಕಂಡು ಕೆಳಗಿಳಿದರು.

"ಹುಡುಗೀನ ಯಾಕೋ ಎಳ್ಕೊಂಡ್ ಬಂದೆ? ನಾನು ದೂರು ಬೇಡ ಅಂದಿಲ್ವಾ?"

"ಅವರು ಏನೋ ಹೇಳಬೇಕಂತೆ."

"ಗಂಟು ನೋಡಿದಾಗಲೇ ಗೊತ್ತಾಯ್ತು ಪುಟ್ಟೀ ನೀನೇ ಅಂತ. ಕಷ್ಟ ಇದ್ರೆ ಕೇಳಬಾರದಿತ್ತಾ? ಕದಿಯೋದೇನೇ?"

"ಮೇಷ್ಟ್ರೇ, ಹೋದ ವಾರ ನಾವಿಬ್ಬರೂ ಬ್ರಾಟಿಸ್ಲಾವಾದಿಂದ ವಾಪಸ್ ಬಂದ್ವಲ್ಲ. ಸೇತುವೆ ಹತ್ರ ಬಲಕ್ಕೆ ತಿರುಗಬೇಕಿತ್ತು. ನೀವು ತಿರುಗಿಸಲಿಲ್ಲ."

"ಅದನ್ನೇ ಹಿಡ್ಕೊಂಡಿದೀಯಾ? ಅವತ್ತೇ ಹೇಳಿದ್ನಲ್ಲ, ಯೋಚನೆಯಲ್ಲಿದ್ದೆ."

"ನಾನು ಮೂರು ಸಲ ಕರೆದೆ. ರೇಡಿಯೋದಲ್ಲಿ ಕರೆದ್ರು. ಕಣ್ಣು ಬಿಟ್ಟೇ ಇತ್ತು, ನೀವು ಅಲ್ಲಿರಲಿಲ್ಲ. ವಿಮಾನ ಮಾತ್ರ ನೆಟ್ಟಗೆ ಹೋಗ್ತಾ ಇತ್ತು. ನಾನೇ ಹಿಡಿಕೆ ತಗೊಂಡು ತಿರುಗಿಸಿದೆ. ಆಮೇಲೆ ನೀವು ಏನೂ ಆಗಿಲ್ಲವೇನೋ ಅನ್ನೋ ಹಾಗೆ ಹವಾಮಾನದ ಮಾತು ಮುಂದುವರಿಸಿದ್ರಿ."

"ಸುಳ್ಳು."

"ನಿಮ್ಮ ಕೈಯಲ್ಲಿ ಚಹಾ ಇತ್ತು ಮೇಷ್ಟ್ರೇ. ಫ್ಲಾಸ್ಕಿಂದ ಆಗಷ್ಟೇ ಬಗ್ಗಿಸಿಕೊಟ್ಟಿದ್ದೆ. ತೊಡೆ ಮೇಲೆ ಚೆಲ್ತು. ಹಬೆ ಏಳ್ತಿತ್ತು. ನೀವು ಅಲುಗಾಡಲೇ ಇಲ್ಲ. ಒರೆಸಿದ್ದು ನಾನು. ಹೇಳೋಕೆ ಬಾಯೇ ಬರಲಿಲ್ಲ."

ಮಲಿನಾ ಅವರ ಕೈ ತಾನಾಗಿ ತೊಡೆಯ ಮೇಲೆ ಹೋಯಿತು. ಬಟ್ಟೆಯ ಮೇಲಿಂದಲೇ ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. ಶೆಬೆಲಾಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಒಂದು ಕಾಲದಲ್ಲಿ ಆ ಮುಖಕ್ಕೆ ಹೆದರಿ ಓಡಿಹೋದದ್ದು ನೆನಪಾಯಿತು, ಈಗ ಅಯ್ಯೋ ಅನ್ನಿಸಿತು.

"ಡಾಕ್ಟರಿಗೆ ಹೇಳಬಹುದಿತ್ತಲ್ಲ" ಎಂದರು ಮಲಿನಾ ಕೊನೆಗೆ, ಸಣ್ಣ ದನಿಯಲ್ಲಿ.

"ಹೇಳಿದ್ರೆ ಲೈಸೆನ್ಸ್ ಹೋಗ್ತಿತ್ತು. ನನ್ನ ಬಾಯಿಂದ ಅದು ಆಗಬಾರದು ಅಂತ ಇತ್ತು. ಈ ಭಾನುವಾರ ಒಂದು ತಪ್ಪಲಿ, ಆಮೇಲೆ ನಿಮಗೆ ಹೇಗಾದ್ರೂ ತಿಳಿಸಿ ಹೇಳೋಣ ಅಂದ್ಕೊಂಡೆ. ನಿಮ್ಮ ಕಟ್ಟಳೆ ನಿಮ್ಮನ್ನ ನಿಲ್ಲಿಸುತ್ತೆ ಅಂತ ನಂಬಿದ್ದೆ."

"ದಡ್ಡಿ" ಎಂದರು ಮಲಿನಾ. ಬೈಗುಳದ ಹಾಗೆ ಕೇಳಲಿಲ್ಲ.

ಸಂಜೆ ಐದು ಗಂಟೆಗೆ ಆರೋಪಿಯನ್ನು ಬಂಧಿಸಲಾಯಿತು. ಜೀಪ್ ಹತ್ತುವಾಗ ಮಲಿನಾ ತಮ್ಮ ಚರ್ಮದ ಜಾಕೆಟ್ ಬಿಚ್ಚಿ ಅವಳ ಹೆಗಲಿಗೆ ಹಾಕಿದರು. ಬೋಹುಶ್ ಬೇಡಿ ತಂದಿದ್ದ. ಅದನ್ನು ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ, ಇನ್ಸ್‌ಪೆಕ್ಟರ್ ಕೇಳಲೂ ಇಲ್ಲ.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಶೆಬೆಲಾ ಅವಳ ತಂದೆ ತಾಯಿಯ ಹೆಸರು ಕೇಳಿದರು.

"ಗೊತ್ತಿಲ್ಲ ಸಾರ್. ನಾನು ಇಲ್ಲಿನ ಅನಾಥಾಲಯದಲ್ಲೇ ಬೆಳೆದದ್ದು. ಆರು ವರ್ಷದವಳಿದ್ದಾಗ ಮಕ್ಕಳ ದಿನಕ್ಕೆ ಮೇಷ್ಟ್ರು ಹಾರಿಸಿಕೊಂಡು ಹೋಗಿದ್ರು. ಮುಂದಿನ ಸೀಟಲ್ಲಿ ಕೂರಿಸಿ, ಆ ಗಡಿಯಾರಗಳನ್ನ ಒಂದೊಂದಾಗಿ ತೋರಿಸಿ ಹೆಸರು ಹೇಳಿಕೊಟ್ರು. ಆವತ್ತಿಂದ ನನಗೆ ಹೋಗೋಕೆ ಒಂದು ಜಾಗ ಅಂತ ಆಯ್ತು."

ಶೆಬೆಲಾ ಅದನ್ನು ಇದ್ದ ಹಾಗೇ ಬರೆದುಕೊಂಡರು. ನ್ಯಾಯಾಧೀಶರು ಓದಲಿ ಎಂಬ ಆಸೆ ಅವರಿಗಿತ್ತು.

ಭಾನುವಾರ ಮಕ್ಕಳು ಬಂದರು. ಪಕ್ಕದ ಊರಿನ ಪೈಲಟ್ ತನ್ನದೇ ವಿಮಾನ ತಂದು ಹಾರಿಸಿದ. ಒತಕರ್ ಮಲಿನಾ ನೆಲದ ಮೇಲೆ ನಿಂತು ಒಂದೊಂದು ಮಗುವಿಗೂ ಬೆಲ್ಟ್ ಕಟ್ಟಿ, ಯಾವ ಗಡಿಯಾರ ಏನು ಹೇಳುತ್ತದೆಂದು ತೋರಿಸಿ, ಬಾಗಿಲು ಹಾಕಿ, ದೂರ ಸರಿಯುತ್ತಿದ್ದರು. ವಿಮಾನ ಏರಿದಾಗಲೆಲ್ಲ ಅದು ಚುಕ್ಕಿಯಾಗುವವರೆಗೆ ಕತ್ತೆತ್ತಿ ನೋಡುತ್ತಿದ್ದರು.

ಶೆಬೆಲಾ ಕೊಟ್ಟಿಗೆಯೊಳಗೆ ಹೋದರು. ಬಿಳಿ ವಿಮಾನ ಒಂಟಿಯಾಗಿ ನಿಂತಿತ್ತು. ಫಲಕದಲ್ಲಿ ಆರೂ ಗಡಿಯಾರ ಇದ್ದವು. ಯಾರ್ಮಿಲಾ ಬರೆದ ಚೀಟಿ ಜಪ್ತಿಯಾಗಿ ಠಾಣೆಯಲ್ಲಿತ್ತು, ಆದರೂ ಹಿಡಿಕೆಗೆ ಒಂದು ಕೆಂಪು ಚೀಟಿ ತೂಗುತ್ತಿತ್ತು. ಮೇಣದ ದಾರ, ಅದೇ ಗಂಟು, ಒಂದು ಸುತ್ತು ಹೆಚ್ಚು. ಅಕ್ಷರ ಮಾತ್ರ ವಯಸ್ಸಾದ ಕೈಯದು.

ಹಾರಿಸಬೇಡಿ. ಪೈಲಟ್ ಇಲ್ಲ.