ಅಕ್ಕ ಬದಲಿಸಿದ ಮಾತ್ರೆ

ಆ ಶುಕ್ರವಾರ ಬೆಳಿಗ್ಗೆ ದುಬೈಯ ಕರಾಮದ ಮನೆಯಲ್ಲಿ ಸೆಲಿನಾ ಮತ್ತು ಗಂಡ ಜುಜೆ ಚರ್ಚಿಗೆ ಹೊರಟು ನಿಂತಿದ್ದರು. ಅವಳ ತಮ್ಮ ಮೊರಿಸ್ ಮಾತ್ರ ಬಾತ್‌ರೂಮಿನಿಂದ ಹೊರಗೆ ಬಂದಿರಲಿಲ್ಲ. ಮುಕ್ಕಾಲು ಗಂಟೆಯಿಂದ ನಲ್ಲಿ ಸುರಿಯುತ್ತಲೇ ಇತ್ತು. ಭಾವ ಜುಜೆ ಬಾಗಿಲು ಗುದ್ದಿ ಗುದ್ದಿ ಸುಸ್ತಾಗಿ, ಪೂಜೆಗೆ ಹೊತ್ತಾಯಿತೆಂದು ಗೊಣಗುತ್ತಿದ್ದ. ಅಕ್ಕ ಸೆಲಿನಾ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಳು. ಒಳಗಿನಿಂದ ಅಳುವ ಸದ್ದಾದರೂ ಬಂದಿದ್ದರೆ ಅವಳಿಗೆ ಜೀವ ಬಂದಂತಾಗುತ್ತಿತ್ತು...

ಇವರು ಹಳಿಯಾಳ ಕಡೆಯ ಸಿದ್ದಿಗಳು. ದುಬೈಯಲ್ಲಿ ಇವರ ಕಪ್ಪು ಮುಖ, ಗುಂಗುರು ಕೂದಲು ಕಂಡವರು ಆಫ್ರಿಕಾದವರೆಂದೇ ತಿಳಿದು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ. ಮೊರಿಸ್ ಕನ್ನಡದಲ್ಲಿ ಉತ್ತರ ಕೊಟ್ಟರೆ ನಮ್ಮವರೇ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನಗಲಿ ಬಿಡಿ, ಅದು ಅವನಿಗೆ ರೂಢಿಯಾಗಿತ್ತು. ರೂಢಿಯಾಗದ್ದು ಇನ್ನೊಂದು. ಊರಲ್ಲಿ ಡಮಾಮಿ ಬಾರಿಸುವ ಗಂಡಸರನ್ನು ಬಿಟ್ಟು ಹೆಂಗಸರ ಫುಗಡಿಯಲ್ಲಿ ಸೇರಿ ಕುಣಿಯುತ್ತಿದ್ದವನು ಅವನು. ತಾನು ಪೂರ್ತಿ ಗಂಡಸಲ್ಲವೆಂದು ಅವನಿಗೆ ಚಿಕ್ಕಂದಿನಿಂದ ಅನಿಸುತ್ತಿತ್ತು. ಮನಸ್ಸು ಒಲಿಯುತ್ತಿದ್ದದ್ದೂ ಗಂಡಸರಿಗೇ. ಇದನ್ನು ಬಾಯಿಬಿಟ್ಟು ಹೇಳಿದ್ದು ಇಬ್ಬರಿಗೆ ಮಾತ್ರ: ಅಕ್ಕನಿಗೆ, ಆಮೇಲೆ ಊದ್ ಮೇಥಾ ಬಡಾವಣೆಯ ಮನೋವೈದ್ಯೆ ಇಂದ್ರಾಣಿಯವರಿಗೆ. ಎದೆ ಹೊಡೆದುಕೊಳ್ಳುವುದು, ನಿದ್ದೆಗೆಡುವುದು, ಸಾಯಬೇಕೆನಿಸುವುದು... ಎಲ್ಲಕ್ಕೂ ಅವರು ಕೊಟ್ಟ ಮಾತ್ರೆ ನುಂಗಿ, ಅವರೊಂದಿಗೆ ಮಾತಾಡಿ, ಎಂಟು ತಿಂಗಳಿಂದ ಅವನು ಹೊಟ್ಟೆತುಂಬ ಉಂಡು ನಿದ್ದೆ ಮಾಡುತ್ತಿದ್ದ. ಹೋಟೆಲ್ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತ ಹಾಡುತ್ತಿದ್ದನಂತೆ!

ಅಷ್ಟರಲ್ಲಿ ವೀಸಾ ನವೀಕರಣದ ವೈದ್ಯಕೀಯ ಪರೀಕ್ಷೆ ಹತ್ತಿರ ಬಂತು. ಜುಜೆಯ ತಲೆಯಲ್ಲಿ ಹುಳ ಹೊಕ್ಕಿದ್ದೇ ಆಗ. ತಲೆ ಮಾತ್ರೆ ರಕ್ತದಲ್ಲಿ ಸಿಕ್ಕಿಬೀಳುತ್ತದೆ, ಇವನನ್ನು ವಿಮಾನ ಹತ್ತಿಸುತ್ತಾರೆ, ಇಬ್ಬರದೂ ಒಂದೇ ಕಂಪನಿಯಾದ್ದರಿಂದ ತನ್ನ ಡ್ರೈವರ್ ಕೆಲಸಕ್ಕೂ ಸಂಚಕಾರ ಎಂದು ಹೆಂಡತಿಯ ಕಿವಿ ಕಚ್ಚಿದ. ಇಂಥ ಪುಕಾರು ಹಬ್ಬಿಸುವವರಿಗೆ ಗಲ್ಫಿನಲ್ಲಿ ಬರವೇ? ಡಾಕ್ಟರರನ್ನು ಕೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ. ತಮ್ಮನನ್ನು ಊರಿಗೆ ಕಳಿಸಿಬಿಟ್ಟರೆ ಅಲ್ಲಿ ಆಡಿಕೊಳ್ಳುವ ಬಾಯಿಗಳ ನಡುವೆ ಅವನು ಉಳಿಯುವುದಿಲ್ಲ ಎಂಬ ಹೆದರಿಕೆಯಲ್ಲೇ ಸೆಲಿನಾ ಅವನ ಔಷಧದ ಬಾಟಲಿಯಿಂದ ಮಾತ್ರೆಗಳನ್ನು ಸುರಿದು, ಅದೇ ಬಣ್ಣದ ವಿಟಮಿನ್ ಮಾತ್ರೆ ತುಂಬಿಸಿಟ್ಟಳು. ಅದಾಗಿ ಹನ್ನೆರಡು ದಿನ.

ನಲ್ಲಿ ನಿಂತಿತು. ಒಳಗಿನಿಂದ ಮೊರಿಸನ ದನಿ ಬಂತು.

"ಅಕ್ಕಾ, ನೀವು ಪೂಜಿಗೆ ಹೋಗ್ರಿ. ದಿನಾ ಗುಳಿಗಿ ತಗೊಂಡ್ರೂ ಹಿಂಗಾಗಾಕತ್ತೈತಿ. ಔಷಧಕ್ಕೂ ಬಗ್ಗದ ರೋಗ ನಂದು. ನಾ ಹುಟ್ಟಿದ್ದೇ ತಪ್ಪು ಅನಸ್ತೈತಿ... ನನ್ನ ಬಿಟ್ಟುಬಿಡು."

ಸೆಲಿನಾ ಹೇಳಲೆಂದು ಬಾಯಿ ತೆರೆದಳು. ಜುಜೆ ತುಟಿಯ ಮೇಲೆ ಬೆರಳಿಟ್ಟು, ಹೇಳಬೇಡವೆಂದು ಕಣ್ಣಲ್ಲೇ ಗದರಿಸಿದ. ಹದಿನಾಲ್ಕು ವರ್ಷ ಆ ಕಣ್ಣಿಗೆ ಹೆದರಿದವಳು ಅವಳು. ಈಗ ಅತ್ತ ತಿರುಗಿಯೂ ನೋಡಲಿಲ್ಲ.

"ತಮ್ಮಾ, ನಿನ್ನ ಗುಳಿಗಿ ನಾ ಬದಲಿ ಮಾಡೀನಿ. ಹನ್ನೆರಡು ದಿನದಿಂದ ನೀ ತಗೊಂಡಿದ್ದು ಔಷಧ ಅಲ್ಲ. ತಪ್ಪು ನಿಂದಲ್ಲೋ, ನಂದು... ಬಾಗ್ಲ ತಗೀ."

ಒಳಗೆ ಏನೋ ಠಣ್ಣೆಂದು ನೆಲಕ್ಕೆ ಬಿತ್ತು. ಆಮೇಲೆ ಚಿಲಕ ಸರಿಯಿತು. ಬಟ್ಟೆಯೆಲ್ಲ ಒದ್ದೆಯಾಗಿ, ಹಲ್ಲು ಕಟಕಟಿಸುತ್ತ ನಿಂತಿದ್ದ ಮೊರಿಸ್. ನೆಲದ ಮೇಲೆ ಬ್ಲೇಡು ಬಿದ್ದಿತ್ತು. ದೇವರು ದೊಡ್ಡವನು, ಮೈಮೇಲೆ ಗಾಯವಿರಲಿಲ್ಲ.

"ಹಂಗಾದ್ರ ನಾ ಆರಾಮಾಗಿದ್ದೆ ಅಲ್ಲೇನಕ್ಕಾ?" ಎಂದ.

ಅವಳು ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಇವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಮರಳಿ ಈ ಮನೆಗೆ ಬರಬೇಡವೆಂದ ಜುಜೆ. ಆಗಲಿ ಎಂದಷ್ಟೇ ಹೇಳಿ, ಪಾಸ್‌ಪೋರ್ಟ್ ಬ್ಯಾಗಿಗೆ ಹಾಕಿಕೊಂಡು ಅವಳು ತಮ್ಮನ ಕೈಹಿಡಿದು ಇಳಿದಳು.

ಫೋನ್ ಮಾಡಿದ್ದಕ್ಕೆ ಡಾಕ್ಟರಮ್ಮ ರಜೆಯಿದ್ದರೂ ಕ್ಲಿನಿಕ್ಕಿಗೆ ಬಂದರು. ವೀಸಾದ ಆ ರಕ್ತಪರೀಕ್ಷೆ ಈ ಮಾತ್ರೆಯನ್ನು ಹುಡುಕುವುದೇ ಇಲ್ಲವೆಂದು ಅವರು ಹೇಳಿದಾಗ ಸೆಲಿನಾಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಯಾತಕ್ಕಾಗಿ ಇಷ್ಟೆಲ್ಲ ಮಾಡಿದೆ, ದೇವರೇ...

ಹೊಸ ಮಾತ್ರೆ ಬಂತು. ಅವಳು ಕೆಳಗಿನ ಅಂಗಡಿಗೆ ಓಡಿ ನೀರಿನ ಬಾಟಲಿ ತಂದುಕೊಟ್ಟಳು. ಮೊರಿಸ್ ಮಾತ್ರೆಯನ್ನು ತಿರುಗಿಸಿ ನೋಡಿದ. ನೀರಿನ ಬಾಟಲಿಯ ಮುಚ್ಚಳದ ಸೀಲ್ ಒಡೆದಿಲ್ಲವೆಂದು ಬೆರಳಾಡಿಸಿ ನೋಡಿದ. ಆಮೇಲೆ ನುಂಗಿದ. ತಾನು ಹಾಗೆ ನೋಡಿದ್ದು ಅವನಿಗೇ ಗೊತ್ತಾಗಲಿಲ್ಲ.

ಸೆಲಿನಾಗೆ ಗೊತ್ತಾಯಿತು. ಎದೆಗೆ ಚೂರಿ ಹಾಕಿದಂತಾಯಿತು. ನೋಡಲಿ, ಎಷ್ಟು ವರ್ಷ ಬೇಕೋ ಅಷ್ಟು ವರ್ಷ ನೋಡಿಯೇ ನುಂಗಲಿ... ನುಂಗಿದರೆ ಸಾಕು.