ಡಿಸ್ಕಿನ ಮೇಲಿನ ಬಿಳಿ ಅಂಕಿ

ಮಂಗಳವಾರ ಬೆಳಿಗ್ಗೆ 10.15ಕ್ಕೆ ಬಾಡಿಗೆ ಕಾರಿನ ಚಾಲಕನ ಹೆಂಡತಿ ಠಾಣೆಗೆ ಬಂದು ದೂರು ಕೊಟ್ಟಳು. ಹಿಂದಿನ ದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಕಾರು ಗೋಡೆಗೆ ಬಡಿದಿತ್ತು. ಗಂಡ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ.

"ಹತ್ತು ದಿನದ ಹಿಂದೆ ತಾನೇ ಹೊಸ ಬ್ರೇಕ್ ಡಿಸ್ಕ್ ಹಾಕ್ಸಿದ್ದು ಸಾರ್. ಆ ಮುದುಕ ಮೆಕ್ಯಾನಿಕ್ ಏನೋ ಮಾಡಿದಾನೆ. ಮೊದಲು ಅವನನ್ನ ಒಳಗೆ ಹಾಕಿ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 12ಕ್ಕೆ ಇನ್‌ಸ್ಪೆಕ್ಟರರು ಹಿರಿಯ ಪೇದೆಯೊಡನೆ ಹೋಗಿ ಕಾರಿನ ಪಂಚನಾಮೆ ಮಾಡಿದರು. ಮುಂದಿನ ಚಕ್ರಗಳನ್ನು ಬಿಚ್ಚಿಸಿದಾಗ ಕಂಡದ್ದು ಮೈತುಂಬ ತೂತು ಕೊರೆದ ಡಿಸ್ಕುಗಳು. ಎಡಗಡೆಯದರಲ್ಲಿ ತೂತಿನಿಂದ ತೂತಿಗೆ ಬಿರುಕು ಹರಿದು ಒಂದು ಚೂರು ಕಿತ್ತುಹೋಗಿತ್ತು. ಗ್ಯಾರೇಜಿನ ರಸೀದಿಯಲ್ಲಿದ್ದದ್ದು 'ಸಾದಾ ಡಿಸ್ಕ್, ಎರಡು' ಎಂದು.

"ಬರೆದಿದ್ದೊಂದು, ಹಾಕಿದ್ದೊಂದು. ಮುದುಕ ಸಿಕ್ಕಿಬಿದ್ದ ಸಾರ್," ಎಂದ ಪೇದೆ.

ಇನ್‌ಸ್ಪೆಕ್ಟರರು ಬಗ್ಗಿ ನೋಡಿದರು. ಎರಡೂ ಡಿಸ್ಕುಗಳ ನಡುಭಾಗದಲ್ಲಿ ಬಿಳಿ ಬಣ್ಣದಲ್ಲಿ 22.00 ಎಂದು ಬರೆದಿತ್ತು. ಅದನ್ನು ಗುರುತು ಮಾಡಿಕೊಂಡರು.

ಗ್ಯಾರೇಜಿನಲ್ಲಿ ಆ ಮುದುಕ, ಅವನ ನಲವತ್ತರ ಮಗ, ಇಬ್ಬರೇ ಕೆಲಸಗಾರರು.

"ಯಾವ ಡಿಸ್ಕ್ ಹಾಕಿದ್ರಿ?"

"ಸಾದಾದ್ದು," ಎಂದ ಮುದುಕ. "ತೂತಿಂದು ಮಳೇಲಿ ಚೆನ್ನಾಗಿ ಹಿಡಿಯುತ್ತೆ, ನೋಡೋಕೂ ಚಂದ. ಆದ್ರೆ ತುಂಬಿದ ಗಾಡಿ, ದಿನಾ ಇಳಿಜಾರು ಅಂದ್ರೆ ಕಾದು ಕಾದು ಬಿರುಕು ಬಿಡುತ್ತೆ. ಬಾಡಿಗೆ ಗಾಡಿಗೆ ಸಾದಾದ್ದೇ ಸರಿ."

"ಕಾರಲ್ಲಿರೋದು ತೂತಿಂದು."

ಮುದುಕ ಮಗನತ್ತ ಒಮ್ಮೆ ನೋಡಿದ. "ಹಾಗಿದ್ರೆ ನಾನೇ ಹಾಕಿರ್ತೀನಿ. ವಯಸ್ಸಾಯ್ತು, ಮರೆವು. ಬರ್ಕೊಳ್ಳಿ."

ಆಗತಾನೇ ಪಾಠ ಒಪ್ಪಿಸಿದವನಿಗೆ ಇದ್ದಕ್ಕಿದ್ದಂತೆ ಮರೆವು! ಇನ್‌ಸ್ಪೆಕ್ಟರರು ಡಬ್ಬಿಯಿಂದ ಹೊಸ ಡಿಸ್ಕೊಂದನ್ನು ತೆಗೆದು ಮುಂದಿಟ್ಟರು. "ಇದರ ಮೇಲೆ ಅಂಕಿ ಬರೀರಿ."

ಮುದುಕನ ಕೈ ತಾನಾಗಿ ಜೇಬಿಗೆ ಹೋಗಿ ದಪ್ಪ ಅಳೆಯುವ ಗೇಜನ್ನು ತೆಗೆಯಿತು. ನಾಲ್ಕು ಕಡೆ ಹಿಡಿದು, ಎಲ್ಲಕ್ಕಿಂತ ತೆಳುವಾದ ಕಡೆಯ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದ: 21.96.

"ಡಬ್ಬಿ ಮೇಲೆ ಇಪ್ಪತ್ತೆರಡು ಅಂತಿದೆಯಲ್ಲ?"

"ಡಬ್ಬಿ ಹೇಳಿದ್ದನ್ನ ಬರೆಯೋಕೆ ನಾನ್ಯಾಕೆ ಬೇಕು ಸಾರ್? ಇಷ್ಟು ವರ್ಷದಲ್ಲಿ ಅಳೆಯದೆ ಒಂದು ಡಿಸ್ಕನ್ನೂ..." ಮುದುಕ ನಾಲಿಗೆ ಕಚ್ಚಿಕೊಂಡ.

"ಕಾರಿನ ಡಿಸ್ಕಲ್ಲಿ ಬರೀ ಇಪ್ಪತ್ತೆರಡು ಅಂತಿದೆ. ಎರಡರಲ್ಲೂ."

ಶೋಧ ನಡೆಯಿತು. 3.40ಕ್ಕೆ ಪೇದೆ ಕಪಾಟಿನ ಹಿಂದಿನಿಂದ ಗೋಣಿಚೀಲವೊಂದನ್ನು ಎಳೆದ. ಒಳಗೆ ಎರಡು ಸಾದಾ ಡಿಸ್ಕು. ಮೇಲೆ ಮುದುಕನ ಅಕ್ಷರದಲ್ಲಿ 21.97, 21.95.

"ಅಪ್ಪನ್ನ ಬಿಡಿ ಸಾರ್," ಎಂದ ಮಗ. "ಅಪ್ಪ ಊಟಕ್ಕೆ ಹೋದಾಗ ನಾನೇ ಬದಲಾಯಿಸ್ದೆ. ಗೇಜ್ ಅಪ್ಪನ ಜೇಬಲ್ಲಿತ್ತು. ಡಬ್ಬಿ ನೋಡಿ ಬರೆದೆ."

"ಯಾಕೆ?"

ಅವನು ಗೋಡೆಗೆ ನೇತುಹಾಕಿದ್ದ ತುಕ್ಕು ಹಿಡಿದ ಡಿಸ್ಕನ್ನು ತೋರಿಸಿದ. "ತಮ್ಮನ ಗಾಡೀದು. ಎರಡು ವರ್ಷ ಆಯ್ತು. ಮಳೇಲಿ ಬ್ರೇಕ್ ಹಿಡೀಲಿಲ್ಲ, ಹೋಗ್ಬಿಟ್ಟ. ಅಪ್ಪನೇ ಹಾಕಿದ್ದು, ಸಾದಾದ್ದು. ಈ ಡ್ರೈವರ್‌ಗೂ ಅವನದೇ ವಯಸ್ಸು. ಇವನಾದ್ರೂ ಉಳ್ಕೊಳ್ಳಲಿ ಅಂತ..."

ತೂತಿನ ಡಿಸ್ಕಿದ್ದರೆ ತಮ್ಮ ಉಳಿಯುತ್ತಿದ್ದನೋ ಇಲ್ಲವೋ, ದೇವರೊಬ್ಬನೇ ಬಲ್ಲ.

"ನನ್ನನ್ನ ಒಂದು ಮಾತು ಕೇಳಬಾರ್ದಿತ್ತೇನೋ?" ಎಂದ ಮುದುಕ.

"ಎಷ್ಟು ಸಲ ಕೇಳಿದೆನಪ್ಪಾ. ತಮ್ಮನ ಹೆಸರೆತ್ತಿದ್ರೆ ನೀನೇ ಎದ್ದು ಹೋಗ್ತಿದ್ದೆ."

4.50ಕ್ಕೆ ಮಗನನ್ನು ದಸ್ತಗಿರಿ ಮಾಡಿ ಜೀಪಿನಲ್ಲಿ ಕರೆದೊಯ್ದರು. ಪಂಚನಾಮೆಗೆ ಸಹಿ ಹಾಕಿಸಿಕೊಳ್ಳಲು ಪೇದೆ ಉಳಿದ. ಮುದುಕ ಸಹಿ ಹಾಕಿದ. ಬಳಿಕ ಸ್ಟೂಲು ಹತ್ತಿ ಕಿರಿಮಗನ ಡಿಸ್ಕನ್ನು ಇಳಿಸಿ, ತುಕ್ಕು ಉಜ್ಜಿ, ಎರಡು ವರ್ಷ ಧೈರ್ಯ ಬಾರದೆ ಬಿಟ್ಟಿದ್ದ ಕೆಲಸ ಮಾಡಿದ. ನಾಲ್ಕು ಕಡೆ ಅಳೆದ. ಎಲ್ಲೂ ತೆಳುವಾಗಿರಲಿಲ್ಲ.

"ಸರಿಯಾಗೇ ಇತ್ತು ಕಣೋ," ಎಂದ, ಹಿರಿಮಗನಿಗೆಂದು ಬಾಗಿಲತ್ತ ತಿರುಗಿ.

ಜೀಪು ಆಗಲೇ ಹೊರಟುಹೋಗಿತ್ತು.