ಬಿಡು ಅಂದವನು

ಕನ್ನಡಿಯಲ್ಲಿ ಟಿಪ್ಪರ್!

ಹತ್ತೇ ಮಾರು ಹಿಂದೆ. ಹಾರ್ನ್ ಇಲ್ಲ, ಬ್ರೇಕ್ ಇಲ್ಲ. ಸ್ಟೇರಿಂಗ್ ಹಿಡಿದವನು ಮಾಳಿಂಗರಾಯ. ಕ್ವಾರಿ ಮಾಲೀಕ ಧರ್ಮರಾಜನ ಬಲಗೈ. ಆಸಾಮಿ ನಗುತ್ತಿದ್ದ.

ಬೆಳಿಗ್ಗೆ ಹನ್ನೊಂದು ಗಂಟೆ. ಗುಡೂರು ದಾಟಿ ಎರಡು ಕಿಲೋಮೀಟರ್. ನನ್ನದು ಹದಿನೈದು ವರ್ಷದ ಬೈಕು. ಕಿವಿ ಹಿಂಡಿದರೂ ಅರವತ್ತು ದಾಟುವುದಿಲ್ಲ. ನಾನೋ, ಹನ್ನೊಂದೂಕಾಲಿಗೆ ಕ್ವಾರಿಯಲ್ಲಿ ಇರಲೇಬೇಕಿತ್ತು. ಇಲ್ಲದಿದ್ದರೆ ಒಬ್ಬ ಹೆಣ್ಣುಮಗಳು...



ಎಡಕ್ಕೆ ಸೂರ್ಯಕಾಂತಿ ಹೊಲ. ಹ್ಯಾಂಡಲ್ ಎಳೆದೆ. ಬೈಕು ಬದು ಹಾರಿತು, ಹಿಂದೆಯೇ ನಾನೂ ಹಾರಿದೆ! ಟಿಪ್ಪರ್ ಬದುವಿಗೆ ಮೂತಿ ಚುಚ್ಚಿ ನಿಂತಿತು.

"ಲೇ ಪಾಂಡ್ಯಾ! ಸಾವಕಾರ್ರು ಬರಬ್ಯಾಡ ಅಂದಾರ! ಹೊಳ್ಳಿ ಹೋಗಲೇ!"

ನಾನು ಹಿಂತಿರುಗಿ ನೋಡಲಿಲ್ಲ. ಹೊಲದೊಳಗೆ ಬಿದ್ದು ಓಡಿದೆ.

ತಡೀರಿ ಸಾಹೇಬರೆ. ಪೆನ್ನು ಕೆಳಗಿಡಿ, ಹೇಳಿಕೆ ಆಮೇಲೆ ಬರೆದುಕೊಳ್ಳಿ. ಮೊದಲಿನಿಂದ ಹೇಳದಿದ್ದರೆ ಇದರ ತಲೆಬುಡ ನಿಮಗೆ ತಿಳಿಯುವುದಿಲ್ಲ.

ನನ್ನ ಹೆಸರು ಪಾಂಡಪ್ಪ. ಬಾಗಲಕೋಟೆಯಲ್ಲಿ ಸೈಕಲ್ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಟೇಬಲ್, ರೆಕ್ಕೆ ಸೊಟ್ಟಗಾದ ಒಂದು ಫ್ಯಾನ್. ಕಳುವಾದ ಗಾಡಿ, ಓಡಿಹೋದ ಗಂಡ... ಏನೇ ಇರಲಿ, ಹುಡುಕಿಕೊಡುತ್ತೇನೆ. ನಾನು ಮೆಲ್ಲಗೆ ಮಾತಾಡುವವನು. ಜನ ಅದನ್ನು ಸ್ಟೈಲ್ ಅಂದುಕೊಂಡಿದ್ದಾರೆ.

ಸ್ಟೈಲೂ ಇಲ್ಲ, ಮಣ್ಣೂ ಇಲ್ಲ! ಎರಡು ವರ್ಷದಿಂದ ನಾನು ದನಿ ಎತ್ತಿಲ್ಲ. ಅಷ್ಟೇ.

ಹೋದ ಸೋಮವಾರ ಬಾಗಿಲು ತಳ್ಳಿಕೊಂಡು ಒಬ್ಬಳು ಬಂದಳು. ಇಪ್ಪತ್ತೇಳೋ ಇಪ್ಪತ್ತೆಂಟೋ. ಕೊರಳಲ್ಲಿ ಐಡಿ ಕಾರ್ಡು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಾ ಕಸ್ತೂರಿ ರೀ. ಬಾದಾಮಿ ಗುಹೆದಾಗ ಗೈಡ್ ಅದೀನಿ. ಒಬ್ಬ ಮನುಷ್ಯಾನ್ನ ಹುಡುಕಬೇಕ್ರಿ."

"ಹೆಸರು?"

"ಗೊತ್ತಿಲ್ರಿ."

"ಫೋಟೋ?"

"ಇಲ್ರಿ. ದನಿ ಐತಿ."

ಗಾಜು ಒಡೆದ ಫೋನೊಂದನ್ನು ಟೇಬಲ್ ಮೇಲಿಟ್ಟಳು.

"ನಮ್ಮ ತಮ್ಮ ಗುರಪ್ಪಂದ್ರಿ ಇದು. ಎರಡು ವರ್ಷದ ಹಿಂದ ಧರ್ಮರಾಜನ ಕ್ವಾರಿ ರೋಡಿನ್ಯಾಗ ಕಾರ್ ಹೊಡ್ಯಾಕ ಹೋಗಿ..." ಫೋನನ್ನು ನನ್ನ ಕಡೆ ಸರಿಸಿದಳು. "ಫೋನ್ ಮುಂದ ಇಟ್ಕೊಂಡು ರೆಕಾರ್ಡ್ ಹಚ್ಚಿದ್ದ. ಹೋದ ತಿಂಗಳ ಇಳಕಲ್ಲಿನ್ಯಾಗ ಒಬ್ಬ ರಿಪೇರಿಯಂವ ತಗದುಕೊಟ್ಟ. ಕೇಳ್ರಿ."

ಇಂಜಿನ್ ಗುರುಗುಟ್ಟುವ ಸದ್ದು. ಆಮೇಲೆ ಹೊರಗಿನಿಂದ ಒಬ್ಬ ಗಂಡಸಿನ ಕೂಗು.

"ಬಿಡು! ಬಿಡು!"

ಟೈರ್ ಕಿರುಚಿದ್ದು ಕೇಳಿತು. ಅದರ ನಂತರ ಕೇಳಿದ್ದನ್ನು ಹೇಳಲಾರೆ. ಒಟ್ಟು ಒಂಬತ್ತು ಸೆಕೆಂಡ್.

"ಕೇಳಿದ್ರಿ? ಅಡ್ಡ ಲಾರಿ ಬರಾಕತ್ತೈತಿ, ಈ ಹಲಕಟ್ ನೋಡಿದ್ರ ಬ್ರೇಕ್ ಬಿಡು ಅಂತಾನ! ಇದು ಕೊಲಿ ಅಲ್ಲೇನ್ರಿ? ಈ ದನಿ ಯಾರದು, ಹುಡುಕಿಕೊಡ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನನಗರಿವಿಲ್ಲದೆ ಗಂಟಲಿಗೆ ಹೋಗಿತ್ತು.

ಆ ದನಿ ನನ್ನದು, ಸಾಹೇಬರೆ.

ಆಗ ನಾನು ಧರ್ಮರಾಜನ ಡ್ರೈವರ್. ಅವನ ಹತ್ತಿರ ಎರಡು ಸ್ಪೋರ್ಟ್ಸ್ ಕಾರು. ಒಂದು ಕೆಂಪು, ಒಂದು ಹಳದಿ. ಎರಡೂ ಆಟೋಮ್ಯಾಟಿಕ್. ಕ್ವಾರಿಯ ಸ್ವಂತ ರಸ್ತೆ ನೂಲು ಹಿಡಿದಷ್ಟು ನೇರ. ಗೆರೆ ಎಳೆದು ನಾನೂರು ಮೀಟರ್ ಡ್ರ್ಯಾಗ್ ರೇಸ್ ಹಚ್ಚುವುದು ಆತನ ಹುಚ್ಚು. ಹೊಸಬರನ್ನು ಕರೆತಂದು ಓಡಿಸುತ್ತಿದ್ದ. ಗುರಪ್ಪ ಮನೆಯಲ್ಲಿ ಹೇಳದೆ ಬರುತ್ತಿದ್ದ. ಟ್ರ್ಯಾಕ್ಟರ್ ಹೊಡೆದ ಕೈ. ಕಲಿಸಿದವನು ನಾನು.

"ಎಡಗಾಲು ಬ್ರೇಕ್ ಮ್ಯಾಲ. ಬಲಗಾಲು ಎಕ್ಸಲೇಟರ್ ಮ್ಯಾಲ. ನಾ ಬಿಡು ಅಂದಕೂಡ್ಲೆ ಬ್ರೇಕ್ ಬಿಡು. ತಿಳೀತಿಲ್ಲೋ?"

"ತಿಳೀತ್ರಿ ಅಣ್ಣಾ."

ಆವತ್ತು ಅವನೊಬ್ಬನೇ ಓಡಿಸುವುದಿತ್ತು, ಟೈಮ್ ನೋಡಲಿಕ್ಕೆ. ಧರ್ಮರಾಜ ಜೀಪಿನಲ್ಲಿ ಕೂತಿದ್ದ. ನಾನು ಕರವಸ್ತ್ರ ಎತ್ತಿ ನಿಂತಿದ್ದೆ. ಅಷ್ಟರಲ್ಲಿ ಕಲ್ಲಿನ ರಾಶಿಯ ಮರೆಯಿಂದ ಲೋಡ್ ಲಾರಿ! ನನಗೆ ಕಂಡಿತು. ಅವನಿಗೆ ಕಾಣುತ್ತಿರಲಿಲ್ಲ. ರೇಸೂ ಬೇಡ, ಏನೂ ಬೇಡ, ಬಿಟ್ಟುಬಿಡು ಮಾರಾಯಾ ಅಂತ ಹೇಳಬೇಕಿತ್ತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು.

ಬಿಡು!

ಹುಡುಗ ವಿನಯವಂತ. ಹೇಳಿಕೊಟ್ಟ ಹಾಗೆಯೇ ಮಾಡಿದ.

ಎಂಥ ಹಾಳು ಮಾತು ನೋಡಿ! ಬಸ್ ಬಿಟ್ಟಿತು ಅಂದರೆ ಹೊರಟಿತು. ಬೀಡಿ ಬಿಟ್ಟೆ ಅಂದರೆ ನಿಲ್ಲಿಸಿದೆ. ಹೊರಡುವುದಕ್ಕೂ ಅದೇ, ನಿಲ್ಲಿಸುವುದಕ್ಕೂ ಅದೇ. ದಿನಕ್ಕೆ ನೂರು ಸಲ ಜನ ಅದನ್ನು ಆಡುತ್ತಾರೆ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಚಹಾದಂಗಡಿಯಲ್ಲಿ. ಪ್ರತಿ ಸಲವೂ ನನಗೆ ಟೈರ್ ಕಿರುಚಿದ್ದು ಕೇಳಿಸುತ್ತದೆ.

ಹುಡುಗ ಕೇಳದೆ ಗಾಡಿ ಒಯ್ದ, ಅಲ್ಲಿ ಬೇರೆ ಯಾರೂ ಇರಲಿಲ್ಲ... ಇದು ಧರ್ಮರಾಜ ಪೊಲೀಸರಿಗೆ ಕೊಟ್ಟ ಹೇಳಿಕೆ. ರೇಸಿನ ಸುದ್ದಿ ಹೊರಬೀಳಬಾರದಲ್ಲ! ನಾನು ತುಟಿ ಹೊಲಿದುಕೊಂಡೆ. ಕೆಲಸ ಬಿಟ್ಟೆ. ಊರು ಬದಲಿಸಿದೆ. ಆ ಕೂಗು ಮಾತ್ರ ನನ್ನ ಜೊತೆಗೇ ಬಂತು.

ಕಸ್ತೂರಿಗೆ ಏನು ಹೇಳಲಿ? "ನೋಡೋಣ" ಅಂದೆ. ಹೇಡಿ!

"ನೋಡಾಕ ಟೈಮ್ ಇಲ್ರಿ ಅಣ್ಣಾರ. ಧರ್ಮರಾಜನ ಕಡೆ ಹೋಗಿದ್ದೆ. ನಕ್ಕ. ಶನಿವಾರ ಹನ್ನೊಂದೂಕಾಲಿಗೆ ನನ್ನ ಜೋಡಿ ರೇಸ್ ಹಚ್ಚು ಅಂದ. ಗೆದ್ರ ದನಿ ಯಾರದಂತ ಹೆಸರು ಹೇಳ್ತಾನಂತ."

"ಸೋತ್ರ?"

"ಫೋನ್ ಅವನ ಕೈಯಾಗ ಕೊಡಬೇಕು. ತಮ್ಮನ ಮಾತು ಮತ್ತ ಎತ್ತಬಾರದು."

"ಒಪ್ಪಿದ್ರಿ?"

"ಒಪ್ಪಿದೆ. ಕೆಂಪು ಕಾರು ಕೊಟ್ಟಾನ. ಇಲ್ಲಿತನಾ ತರೂದರಾಗ ಜೀವ ಬಾಯಿಗೆ ಬಂತು. ನನಗ ಗಿಯರ್ ಗಾಡಿ ಅಷ್ಟ ಬರ್ತೈತ್ರಿ. ನೀವು ಮದಲ ಡ್ರೈವರ್ ಇದ್ರೆಂತ ಕೆಳಗ ಸೈಕಲ್ ಅಂಗಡ್ಯಾಂವ ಹೇಳಿದ. ಆಟೋಮ್ಯಾಟಿಕ್ ಕಲಸ್ರಿ."

ಕಿಟಕಿಯಿಂದ ಬಗ್ಗಿ ನೋಡಿದೆ.  ಡೆಂಟ್ ತೆಗೆಸಿ, ಹೊಸ ಬಣ್ಣ ಹೊಡೆಸಿ ನಿಲ್ಲಿಸಿದ್ದರೂ ಗುರುತು ಸಿಕ್ಕಿತು.

"ತಮ್ಮ ಹೊಡದದ್ದು ಅದ ಗಾಡಿ," ಅಂದಳು ಕಸ್ತೂರಿ. "ನನಗ ಗೊತ್ತೈತ್ರಿ."

ಕೆರೂರಿನ ಹತ್ತಿರ ಇನ್ನೂ ಓಪನ್ ಆಗದ ಬೈಪಾಸ್ ಒಂದಿದೆ. ದಿನಾ ಮುಂಜಾನೆ ಆರಕ್ಕೆ ಅಲ್ಲಿ ನಾವಿಬ್ಬರೇ. ಇಬ್ಬರೇ ಅಂತ ಬಾಯಲ್ಲಿ ಹೇಳುತ್ತೇನೆ. ಆ ಕಾರಿನ ಬಾಗಿಲು ಒಂದೇ ಸಲಕ್ಕೆ ಮುಚ್ಚುತ್ತಿರಲಿಲ್ಲ, ಎರಡನೇ ಸಲ ಎಳೆಯಬೇಕಿತ್ತು. ಆ ಎರಡನೇ ಸದ್ದಿಗೆ, ಮೂರನೆಯವನೊಬ್ಬ ಹತ್ತಿ ಕೂತ ಹಾಗೆ ಅನಿಸುತ್ತಿತ್ತು.

ಮೊದಲ ದಿನ ಅವಳ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿತು. ಸಿಕ್ಕಿದ್ದು ಬ್ರೇಕ್. ಒದ್ದಳು! ನನ್ನ ಹಣೆ ಡ್ಯಾಶ್‌ಬೋರ್ಡಿಗೆ!

"ಅಯ್ಯ ಶಿವನ! ಪೆಟ್ಟಾತೇನ್ರಿ?"

"ಕ್ಲಚ್ ಇಲ್ರಿ ತಂಗಿ ಇದಕ್ಕ," ಮೆಲ್ಲಗೇ ಹೇಳಿದೆ. "ಗಿಯರ್ ತಾನ ಬದಲ ಮಾಡ್ಕೋತೈತಿ. ಎಡಗಾಲಿಗೆ ಒಂದ ಕೆಲಸ. ಹೊರಡೂ ಮುಂದ ಬ್ರೇಕ್ ಗಟ್ಟಿ ಒತ್ತೂದು. ಬಲಗಾಲಿಲೆ ಎಕ್ಸಲೇಟರ್ ಸ್ವಲ್ಪ. ಮೀಟರಿನ ಮುಳ್ಳು ಎರಡರ ಮ್ಯಾಲ ಬಂದು ಗಾಡಿ ಜಗ್ಗಾಕತ್ತಿತಂದ್ರ ಎಡಗಾಲು ಎತ್ತು. ಎತ್ತಿ ಹಿಂದಕ್ಕ ಮಡಚಿಡ್ರಿ, ಅದನ್ನ ಮರತಬಿಡ... ಮರೀರಿ. ಬಲಗಾಲು ಒಮ್ಮೆಲೆ ತುಳಿದ್ರ ಟೈರ್ ನಿಂತಲ್ಲೇ ತಿರಗತಾವು. ಮನಸ್ಸಿನ್ಯಾಗ ಒಂದು ಎಣಸ್ರಿ. ಆಮ್ಯಾಲ ಪೂರಾ."

"ಎತ್ತು ಅಂದ್ರ... ಬ್ರೇಕ್ ಬಿಡು ಅಂತ ಹೌದಲ್ರಿ?"

"ಎತ್ತು."

"ಎಲ್ಲಾರೂ ಬಿಡು ಅಂತಾರಲ್ರಿ!"

"ನನ್ನ ಕಡೆ ಕಲಿಯೋರು ಎತ್ತು ಅಂತಾರ."

ವಿಚಿತ್ರವಾಗಿ ನೋಡಿದಳು. ಆಮೇಲೆ ಅಂದಳು:

"ನೀವು ಭಾಳ ಮೆತ್ತಗ ಮಾತಾಡ್ತೀರಿ ಅಣ್ಣಾರ. ಮಾತಾಡೂ ದನಿ ಬ್ಯಾರೆ, ಒದರೂ ದನಿ ಬ್ಯಾರೆ ಇರ್ತೈತ್ರಿ. ಗುಹೆದಾಗ ದಿನಾ ಕೇಳ್ತೇನಿ. ಆ ಮನಷ್ಯಾ ನನ್ನ ಮುಂದ ಒಮ್ಮೆ ಒದರಿದ್ರ ಸಾಕು. ಹಿಡದಬಿಡ್ತೇನಿ!"

ಇನ್ನೊಂದು ಸಲ ಹೊರಡಿ ಅಂತ ಕೈಸನ್ನೆ ಮಾಡಿದೆ.

ಶುಕ್ರವಾರ ಧರ್ಮರಾಜನ ಫೋನು.

"ಏನ್ಲೇ ಪಾಂಡ್ಯಾ, ಮಾಸ್ತರ ಆಗೀಯಂತ?"

"ಏನ್ ಬೇಕ್ರಿ?"

"ಅಕಿ ಗೆಲ್ಲಬಾರದು. ಗೆದ್ರ ನಾ ಬಾಯಿ ಬಿಡಬೇಕಾಗ್ತೈತಿ. ಹೆಸರು ನಿಂದು."

"ಸುಳ್ಳು ಹೇಳಿಕಿ ನಿಮ್ದೂ ಐತ್ರಿ."

"ಅದಕ್ಕ ಹೇಳಾಕತ್ತೀನಿ ಮಗನ! ತಪ್ಪು ಕಲಸು. ಸೋತು ಮನಿಗೆ ಹೋಗ್ಲಿ. ನಾಳೆ ಕ್ವಾರಿ ಕಡೆ ನಿನ್ನ ಕಾಲು ಬಂದ್ರ, ಮತ್ತ ಆ ಕಾಲು ನಿನ್ನ ಮೈಯಾಗ ಇರಂಗಿಲ್ಲ."

ತಪ್ಪು ಕಲಿಸಬಹುದಿತ್ತು. ಎಷ್ಟು ಸುಲಭ! ಒಂದೇ ಸಲ ಪೂರಾ ತುಳಿಯಿರಿ ಅಂದರೆ ಮುಗಿಯಿತು, ಟೈರ್ ಸುಟ್ಟು ಅಲ್ಲೇ ಸೋಲುತ್ತಾಳೆ. ನಾನು ಬಚಾವು. ಆದರೆ ಆ ಕಾರಿನಲ್ಲಿ ಕೂತು ಆ ಮನೆಯವರಿಗೆ ಎರಡನೇ ಸಲ ತಪ್ಪು ಹೇಳುವುದೇ? ನನ್ನಿಂದಾಗಲಿಲ್ಲ. ರಾತ್ರಿಯಿಡೀ ಹೊರಳಾಡಿ ಬೆಳಗಿನ ಹೊತ್ತಿಗೆ ನಿರ್ಧಾರ ಮಾಡಿದೆ. ರೇಸಿಗೆ ಮೊದಲೇ ಅವಳೆದುರು ನಿಂತು, ಆ ದನಿ ನನ್ನದು ಅಂತ ಹೇಳಿಬಿಡುವುದು. ಹೆಸರು ಸಿಕ್ಕ ಮೇಲೆ ರೇಸ್ ಯಾಕೆ ಬೇಕು?

ಅದಕ್ಕೇ ಶನಿವಾರ ಹೊರಟೆ. ಅದಕ್ಕೇ ಆ ಟಿಪ್ಪರ್ ನನ್ನ ಹಿಂದೆ ಬಿದ್ದದ್ದು.

ಹೊಲ ದಾಟಿ, ಮುಳ್ಳುಕಂಟಿ ಹಾಯ್ದು, ಕ್ವಾರಿಯ ಏರಿ ಹತ್ತಿದಾಗ ಎದೆ ಒಡೆಯುವಂತಿತ್ತು. ಕೆಳಗೆ ಬಿಳಿ ಗೆರೆ. ಗೆರೆಯ ಮೇಲೆ ಹಳದಿ ಕಾರಿನಲ್ಲಿ ಧರ್ಮರಾಜ, ಕೆಂಪು ಕಾರಿನಲ್ಲಿ ಕಸ್ತೂರಿ. ಎರಡಕ್ಕೂ ಗಾಜು ಇಳಿದಿತ್ತು. ಕೂಲಿಯವನೊಬ್ಬ ಕರವಸ್ತ್ರ ಎತ್ತಿದ್ದ. ಎರಡೂ ಕಾರು ಬ್ರೇಕಿನ ಮೇಲೆ ನಡುಗುತ್ತಿದ್ದವು.

ಆಗ ಆ ಸದ್ದು ಕೇಳಿತು.

ಕಲ್ಲಿನ ರಾಶಿಯ ಹಿಂದೆ ಲೋಡ್ ಲಾರಿ ಹೊಂಡದಿಂದ ಮೇಲೇರುತ್ತಿತ್ತು! ರೇಸ್ ಮುಗಿಯುವವರೆಗೆ ಹೊಂಡದ ಬಾಯಲ್ಲಿ ಲಾರಿ ತಡೆಯುವುದು ಮಾಳಿಂಗರಾಯನ ಕೆಲಸ. ಮಾಳಿಂಗರಾಯ ಎಲ್ಲಿದ್ದ? ನನ್ನನ್ನು ಅಟ್ಟಿಸಿಕೊಂಡು ಹೊಲದ ಬದುವಿನಲ್ಲಿ!

ಅದೇ ರಸ್ತೆ. ಅದೇ ರಾಶಿ. ಅದೇ ಕೆಂಪು ಕಾರು.

ನಿಲ್ಲು ಅನ್ನಬಹುದಿತ್ತು. ಬೇಡ ಅನ್ನಬಹುದಿತ್ತು. ಕನ್ನಡದಲ್ಲಿ ಮಾತಿಗೇನು ಬರವೇ? ಎರಡು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಒಂದೇ ಮಾತು. ಹೊರಬಂದದ್ದೂ ಅದೇ.

"ಬಿಡು! ಬಿಡೂ!"

ಕೆಂಪು ಕಾರು ಅಲುಗಲಿಲ್ಲ.

ಹಳದಿ ಕಾರು ಹಾರಿತು!

ಧರ್ಮರಾಜನ ಮಟ್ಟಿಗೆ ಆ ಮಾತಿಗೆ ಒಂದೇ ಅರ್ಥ. ಹತ್ತು ವರ್ಷ ಆ ಗೆರೆಯ ಮೇಲೆ ಅದನ್ನು ಕೇಳಿಯೇ ಬ್ರೇಕಿನಿಂದ ಕಾಲು ತೆಗೆದವನು ಅವನು. ಕಸ್ತೂರಿಗೆ ನಾನು ಬೇರೆ ಮಾತು ಕಲಿಸಿದ್ದೆ. ಅವಳ ಕಿವಿಗೆ ಬಿಡು ಅಂದರೆ ಬೇಡ, ಅಷ್ಟೇ.

ಲಾರಿಯ ಹಿಂದಿನ ಗಾಲಿಗೆ ಹೋಗಿ ಬಡಿಯಿತು ಹಳದಿ ಕಾರು. ಲಾರಿ ಡ್ರೈವರ್ ದಸ್ತಗೀರಸಾಬ ಕೆಳಗೆ ಹಾರಿ, ತಲೆ ಮೇಲೆ ಕೈಹೊತ್ತು ಕೂತುಬಿಟ್ಟ. ನಾವೇ ಬಾಗಿಲು ಕಿತ್ತು ಧರ್ಮರಾಜನನ್ನು ಎಳೆದೆವು. ಉಸಿರಿತ್ತು. ಮಾತಿರಲಿಲ್ಲ. ಕಾಲುಗಳ ಬಗ್ಗೆ ದವಾಖಾನೆಯವರು ಇನ್ನೂ ಏನೂ ಹೇಳಿಲ್ಲವಂತೆ.

ಆಂಬುಲೆನ್ಸ್ ಹೋದ ಮೇಲೆ ಕಸ್ತೂರಿ ನನ್ನೆದುರು ಬಂದು ನಿಂತಳು. ಕೈಯಲ್ಲಿ ಆ ಒಡೆದ ಫೋನು. ಅದನ್ನು ಹಚ್ಚಲಿಲ್ಲ. ಹಚ್ಚುವ ಜರೂರೂ ಇರಲಿಲ್ಲ.

"ನೀವ."

"ಹೌದ್ರಿ."

"ಆವತ್ತೂ... ಬ್ಯಾಡ ಅಂತನ ಒದರಿದ್ರಿ?"

"ಹೌದ್ರಿ. ನನ್ನ ತಾಯಾಣೆ."

ಲಾರಿ ಕಡೆ ತಿರುಗಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ನಮ್ಮ ತಮ್ಮ ಸೊಕ್ಕಿಲೆ ಸತ್ತ ಅಂತ ಊರೆಲ್ಲಾ ಅಂದ್ರು. ನಮ್ಮವ್ವ ಅದನ್ನ ಕೇಳ್ಕೋತ ತೀರಿ ಹ್ವಾದ್ಲು. ಅಂವ ಮಾತು ಕೇಳಿ ಸತ್ತ ಅಂತ ನಿಮಗೊಬ್ಬರಿಗೆ ಗೊತ್ತಿತ್ತು. ಎರಡು ವರ್ಷ ಯಾಕ ಬಾಯಿ ಬಿಡಲಿಲ್ರಿ?"

ಹೆದರಿಕೆ ಅಂದೆ, ಸಾಹೇಬರೆ. 

"ಒದರಿದ್ದು ಮಾಫ್," ಅಂದಳು. "ಸುಮ್ಮ ಇದ್ದದ್ದು ಮಾಫ್ ಇಲ್ಲ. ನಡೀರಿ ಠಾಣೆಗೆ."

ತಾನೇ ಕರೆತಂದಳು. ಅದೇ ಕೆಂಪು ಕಾರಿನಲ್ಲಿ, ಹುನಗುಂದದ ತನಕ.  ಎಡಗಾಲು ಮಡಚಿ ಹಿಂದಿಟ್ಟುಕೊಂಡಿದ್ದಳು, ಕಲಿಸಿದ ಹಾಗೆ. ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ನೋಡಿ. ನನ್ನ ಹೇಳಿಕೆ ಮುಗಿಯುವವರೆಗೆ ಏಳುವುದಿಲ್ಲವಂತೆ.

ನೀವು ಕೇಳಿದ ಪ್ರಶ್ನೆ ನೆನಪಿದೆ. ಧರ್ಮರಾಜನಿಗೆ ಆ ಮಾತು ಹೇಗೆ ಕೇಳಿಸುತ್ತದೆ ಅಂತ ನನಗೆ ಗೊತ್ತಿತ್ತೋ ಇಲ್ಲವೋ? ಮೊದಲ ಸಲ, ಗುರಪ್ಪನ ವಿಷಯದಲ್ಲಿ, ಅದು ಹೊಳೆಯಲೇ ಇಲ್ಲ. ಅದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಈ ಸಲ... ಆ ಅರೆ ಕ್ಷಣದಲ್ಲಿ ನನ್ನ ನಾಲಿಗೆಗೆ ಏನು ಗೊತ್ತಿತ್ತೋ, ನನಗೆ ತಿಳಿಯದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನು ಮುಂದೆ ನನ್ನ ಕಿವಿಯಲ್ಲಿ ಎರಡು ಕಾರಿನ ಟೈರು ಕಿರುಚುತ್ತವೆ. ಇದನ್ನೂ ಬರೆದುಕೊಳ್ಳಿ.

ಏನಂದಿರಿ?

ಒಂದು ಮಾತಿಗೆ ಅಷ್ಟು ಯಾಕೆ ತಲೆ ಕೆಡಿಸಿಕೊಳ್ಳುತ್ತೀ, ಹೋಗಲಿ ಬಿಡು... ಅಂದಿರಾ?

ಕೈ ಮುಗಿಯುತ್ತೇನೆ ಸಾಹೇಬರೆ! ಬೇಕಾದರೆ ಲಾಠಿ ತೆಗೆದು ನಾಲ್ಕು ಬಾರಿಸಿ. ಅದೊಂದು ಮಾತು ಮಾತ್ರ ಬಿಟ್ಟುಬಿಡಿ.